1848ರ ವಿಯೆನ್ನಾದಲ್ಲಿ ಜನರ ಕಿವಿಗೆ ಏನು ಬೀಳುತ್ತಿತ್ತು?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಕಂಪ್ಯೂಟರ್‌ಗೆ ಒಂದು ಸ್ಟ್ರಾಟಜಿ ಗೇಮ್ ಮಾಡುತ್ತಿದ್ದೇವೆ. ಕಾಲ 1815ರಿಂದ 1914. ಆಡುವವರು ಆಸ್ಟ್ರಿಯಾ, ಪ್ರಶ್ಯಾ, ಫ್ರಾನ್ಸ್, ರಷ್ಯಾ, ಬ್ರಿಟನ್, ಒಟ್ಟೋಮನ್ ತುರ್ಕಿ ಇವುಗಳಲ್ಲಿ ಯಾವುದಾದರೂ ದೇಶವನ್ನು ನಡೆಸಬಹುದು. ಸಂಗೀತ ಆ ಕಾಲದ್ದೇ ಇರಬೇಕು ಅನ್ನುವುದು ನಮ್ಮ ಆಸೆ. ಯುದ್ಧಕ್ಕೆ ಚೈಕೋವ್‌ಸ್ಕಿಯ ‘1812 ಓವರ್ಚರ್’, ಶಾಂತಿಯ ದಿನಗಳಿಗೆ ಬೀಥೋವನ್‌ನ ‘ಫ್ಯೂರ್ ಎಲೀಸ್’, ತುರ್ಕಿಗೆ ಅಲ್ಲಿನ ಹಳೆಯ ಸೈನ್ಯದ ಮೆಹ್ತರ್ ಬ್ಯಾಂಡ್ ಅಂದುಕೊಂಡಿದ್ದೇವೆ. ಇದು ಸರಿಯಾ? ನಮ್ಮ ಹತ್ತಿರ ದುಡ್ಡು ಜಾಸ್ತಿ ಇಲ್ಲ.

ಉತ್ತರ: ನೀವು ಹೆಸರಿಸಿದ ಮೂರನ್ನೇ ಮೊದಲು ಹಿಡಿಯೋಣ. ಮೂರೂ ಒಳ್ಳೆಯ ಸಂಗೀತವೇ. ಆದರೆ ನೀವು ಇಟ್ಟಿರುವ ಜಾಗದಲ್ಲಿ ಮೂರೂ ಕೂರುವುದಿಲ್ಲ.

‘1812 ಓವರ್ಚರ್’ ಹುಟ್ಟಿದ್ದು 1880ರಲ್ಲಿ. ಮಾಸ್ಕೋದ ಜನ ಅದನ್ನು ಮೊದಲು ಕೇಳಿದ್ದು 1882ರಲ್ಲಿ. ನೆಪೋಲಿಯನ್‌ನ ಸೈನ್ಯ ಬಂತು ಅಂತ ತೋರಿಸಲು ಅದರಲ್ಲಿ ಫ್ರಾನ್ಸಿನ ‘ಮಾರ್ಸೆಯೇಸ್’ ಹಾಡು ಬರುತ್ತದೆ. ಆದರೆ ನೆಪೋಲಿಯನ್ ಚಕ್ರವರ್ತಿಯಾಗಿದ್ದಾಗ ಆ ಹಾಡಿಗೆ ರಾಷ್ಟ್ರಗೀತೆಯ ಸ್ಥಾನ ಇರಲಿಲ್ಲ. ಅದು ಮತ್ತೆ ರಾಷ್ಟ್ರಗೀತೆಯಾದದ್ದು 1879ರಲ್ಲಿ, ಚೈಕೋವ್‌ಸ್ಕಿ ಬರೆಯಲು ಕೂರುವುದಕ್ಕೆ ಒಂದೇ ವರ್ಷ ಮೊದಲು. ಕೊನೆಯಲ್ಲಿ ರಷ್ಯಾ ಗೆದ್ದಿತು ಅನ್ನಲು ಬರುವ ‘ದೇವರು ತ್ಸಾರ್‌ನನ್ನು ಕಾಯಲಿ’ ಎಂಬ ಗೀತೆಗೆ ಅಲೆಕ್ಸಿ ಲ್ವೋವ್ ರಾಗ ಹಾಕಿದ್ದು 1833ರಲ್ಲಿ. ಅಂದರೆ 1812ರಲ್ಲಿ ಹಿಮದಲ್ಲಿ ನಡೆದ ಯಾವ ಸಿಪಾಯಿಯೂ ಆ ರಾಗ ಕೇಳಿರಲಿಲ್ಲ. ಆ ಕೃತಿಯಲ್ಲಿರುವುದು 1880ರ ರಷ್ಯಾ ತನ್ನ ಅಜ್ಜಂದಿರ ಯುದ್ಧವನ್ನು ನೆನಪಿಸಿಕೊಂಡ ಬಗೆ. ನಿಮ್ಮ ಆಟದಲ್ಲಿ ಅದನ್ನು 1882ರ ನಂತರ, ರಷ್ಯಾದಲ್ಲಿ, ಯಾವುದಾದರೂ ಹಬ್ಬದ ಸಂದರ್ಭಕ್ಕೆ ಇಡಿ. ಅಲ್ಲಿ ಅದಕ್ಕೆ ಒಂದು ಅರ್ಥ ಬರುತ್ತದೆ.

‘ಫ್ಯೂರ್ ಎಲೀಸ್’ ಬರೆದದ್ದು 1810ರಲ್ಲಿ, ನಿಜ. ಆದರೆ ಆ ಹಾಳೆ ಅಚ್ಚಾದದ್ದು 1867ರಲ್ಲಿ. ಬೀಥೋವನ್ ತೀರಿಕೊಂಡು ಆಗಲೇ 40 ವರ್ಷವಾಗಿತ್ತು. ನಿಮ್ಮ ಆಟದ ಮೊದಲ ಅರ್ಧದಲ್ಲಿ ಅದು ಯಾರಿಗೂ ಗೊತ್ತಿಲ್ಲದ ರಾಗ. ಇನ್ನೊಂದು ತೊಂದರೆಯೂ ಇದೆ. ನಮ್ಮ ಊರುಗಳಲ್ಲಿ ಅದು ಎಷ್ಟೋ ಕಾರುಗಳು ಹಿಂದಕ್ಕೆ ಬರುವಾಗ ಕೂಗುವ ರಾಗ. ಅದು ಕೇಳಿದ ಕೂಡಲೇ ಆಡುವವರ ಮನಸ್ಸು ವಿಯೆನ್ನಾ ಬಿಟ್ಟು ಪಾರ್ಕಿಂಗ್ ಜಾಗಕ್ಕೆ ಬಂದುಬಿಡುತ್ತದೆ. ಜಾಹೀರಾತು, ಕಾರ್ಟೂನು, ಫೋನಿನ ರಿಂಗ್‌ಟೋನು ನುಂಗಿಹಾಕಿದ ಎಲ್ಲ ರಾಗಗಳಿಗೂ ಇದೇ ಮಾತು. ಅವನ್ನು ಬಿಟ್ಟುಬಿಡಿ. ಮೆಹ್ತರ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದಕ್ಕೆ ಸ್ವಲ್ಪ ಜಾಗ ಬೇಕು.

ಇದರಿಂದ ನಾನು ಹೇಳಬೇಕೆಂದಿರುವುದು ಒಂದೇ. ಒಂದು ಕೃತಿಯನ್ನು ಆರಿಸುವಾಗ ಅದನ್ನು ಬರೆದ ವರ್ಷವನ್ನು ಮಾತ್ರ ನೋಡಬೇಡಿ. ಆ ಊರಿನಲ್ಲಿ, ಆ ವರ್ಷ, ಯಾರ ಕಿವಿಗೆ ಬೀಳುತ್ತಿತ್ತು ಅಂತ ಕೇಳಿಕೊಳ್ಳಿ. ಈ ಎರಡರ ನಡುವೆ ಎಷ್ಟು ಅಂತರ ಇರಬಹುದು ನೋಡಿ. ಶೂಬರ್ಟ್ ತನ್ನ ಮುಗಿಯದ ಸಿಂಫನಿಯನ್ನು ಬರೆದದ್ದು 1822ರಲ್ಲಿ, ಜನ ಕೇಳಿದ್ದು 1865ರಲ್ಲಿ. ಫ್ರಾನ್ಸಿನ ಬಿಜೆ 1855ರಲ್ಲಿ, 17ರ ವಯಸ್ಸಿನಲ್ಲಿ, ಒಂದು ಮುದ್ದಾದ ಸಿಂಫನಿ ಬರೆದ. ಅದು ಮೊದಲು ವೇದಿಕೆ ಕಂಡದ್ದು 1935ರಲ್ಲಿ. ನಿಮ್ಮ ಆಟವೇ ಅಷ್ಟರಲ್ಲಿ ಮುಗಿದಿರುತ್ತದೆ. ಮುಸೋರ್ಗ್‌ಸ್ಕಿಯ ‘ಪ್ರದರ್ಶನದ ಚಿತ್ರಗಳು’ 1874ರ ಪಿಯಾನೋ ಕೃತಿ. ಆದರೆ ನಾವೆಲ್ಲ ಕೇಳಿರುವ ದೊಡ್ಡ ವಾದ್ಯವೃಂದದ ರೂಪ ರವೆಲ್ 1922ರಲ್ಲಿ ಮಾಡಿದ್ದು. ನಿಮ್ಮ ಪಟ್ಟಿಯಲ್ಲಿ ‘1874’ ಅಂತ ಬರೆದು ರವೆಲ್‌ನ ರೆಕಾರ್ಡಿಂಗ್ ಹಾಕಿದರೆ ಸುಮ್ನೆ 48 ವರ್ಷ ತಪ್ಪಿದಂತೆ.

ಇದು ಉಲ್ಟಾ ಕೂಡ ಆಗುತ್ತದೆ. ಜರ್ಮನ್ ಸಂಗೀತಕಾರ ಬಾಖ್ ತೀರಿಕೊಂಡದ್ದು 1750ರಲ್ಲಿ. ಆದರೆ 1829ರ ಮಾರ್ಚ್‌ನಲ್ಲಿ 20 ವರ್ಷದ ಮೆಂಡೆಲ್ಸನ್ ಬರ್ಲಿನ್‌ನಲ್ಲಿ ಅವನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಅನ್ನು ಮತ್ತೆ ನುಡಿಸಿದ. ಅಲ್ಲಿಂದ ಬಾಖ್‌ಗೆ ಜರ್ಮನ್ ನಾಡುಗಳಲ್ಲಿ ಎರಡನೇ ಜೀವ ಬಂತು. ಪ್ರಶ್ಯಾ ಆಡುವವರಿಗೆ 1829ರಲ್ಲಿ ಬಾಖ್ ಕೇಳಿಸಿದರೆ ಅದು ತಪ್ಪಲ್ಲ. ಅದು ಆ ವರ್ಷದ ಸುದ್ದಿ.

ಇನ್ನು ಕಿವಿಯ ಲೆಕ್ಕಕ್ಕೆ ಬರೋಣ. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ, ಬರ್ಲಿನರ್‌ನ ಗ್ರಾಮೋಫೋನ್ 1887ರಲ್ಲಿ. ಅಲ್ಲಿಯವರೆಗೆ ಹಾಡು ಕೇಳಬೇಕಾದರೆ ಯಾರಾದರೂ ಹತ್ತಿರದಲ್ಲೇ ಹಾಡಬೇಕು, ನುಡಿಸಬೇಕು. ಇದನ್ನು ನಾವು ಮರೆತೇಬಿಡುತ್ತೇವೆ. ನೂರು ಜನರ ವಾದ್ಯವೃಂದ ಅಂದಿನ ಹೆಚ್ಚಿನವರಿಗೆ ಅಪರೂಪದ ಸಂಗತಿ. ಅವರಿಗೆ ದಿನವೂ ಸಿಗುತ್ತಿದ್ದದ್ದು ಚರ್ಚಿನ ಗಂಟೆ, ಆರ್ಗನ್, ಬೀದಿಯಲ್ಲಿ ಹಿಡಿಕೆ ತಿರುಗಿಸುವ ಪೆಟ್ಟಿಗೆ ವಾದ್ಯ, ಕುಣಿತದ ಮನೆಯ ನಾಲ್ಕೈದು ಪಿಟೀಲು, ಪಾರ್ಕಿನಲ್ಲಿ ಭಾನುವಾರದ ಮಿಲಿಟರಿ ಬ್ಯಾಂಡು. ಸ್ವಲ್ಪ ಅನುಕೂಲ ಇದ್ದವರ ಮನೆಯಲ್ಲಿ ಪಿಯಾನೋ.

ಆ ಪಿಯಾನೋ ಮುಂದೆ ಇಬ್ಬರು ಅಕ್ಕಪಕ್ಕ ಕೂತು ನಾಲ್ಕು ಕೈಯಲ್ಲಿ ನುಡಿಸುತ್ತಿದ್ದರು. ಊರಿಗೆ ವಾದ್ಯವೃಂದ ಬರುವುದು ಯಾವಾಗಲೋ. ಆದ್ದರಿಂದ ಸಿಂಫನಿ, ಒಪೆರಾ ಯಾವುದೇ ಇರಲಿ, ನಾಲ್ಕು ಕೈಗೆ ಇಳಿಸಿದ ಹಾಳೆಗಳು ಅಂಗಡಿಗೆ ಬರುತ್ತಿದ್ದವು. ಜನ ಬೀಥೋವನ್‌ನ ಸಿಂಫನಿಗಳನ್ನು ಕಲಿತದ್ದೇ ಹೀಗೆ. ಬ್ರಾಮ್ಸ್‌ನ ‘ಹಂಗೇರಿಯನ್ ಕುಣಿತಗಳು’ 1869ರಲ್ಲಿ ಮೊದಲು ಹೊರಬಂದದ್ದು ನಾಲ್ಕು ಕೈಗೆ. ದ್ವೋರ್ಜಾಕ್‌ನ ‘ಸ್ಲಾವ್ ಕುಣಿತಗಳು’ ಕೂಡ 1878ರಲ್ಲಿ ಹಾಗೆಯೇ ಬಂದವು.

ದುಡ್ಡು ಕಡಿಮೆ ಅಂದಿರಲ್ಲ, ನಿಮಗೆ ಇದು ವರ. ವಾದ್ಯವೃಂದವನ್ನು ರೆಕಾರ್ಡ್ ಮಾಡಲು ನಿಮ್ಮಿಂದ ಆಗುವುದಿಲ್ಲ. ಸ್ಯಾಂಪಲ್‌ಗಳಿಂದ ಕಟ್ಟಿದ ವಾದ್ಯವೃಂದ ಪ್ಲಾಸ್ಟಿಕ್ ಹೂವಿನ ಹಾಗೆ ಕಾಣುತ್ತದೆ. ಆದರೆ ಒಂದು ಒಳ್ಳೆಯ ಪಿಯಾನೋ, ಚೆನ್ನಾಗಿ ಹಾಳೆ ಓದುವ ಇಬ್ಬರು ವಿದ್ಯಾರ್ಥಿಗಳು, ಒಂದು ಇಡೀ ದಿನ ಸಿಕ್ಕರೆ ಸಾಕು. ಆ ಕಾಲದ ಮಧ್ಯಮ ವರ್ಗದ ಮನೆಯಲ್ಲಿ ಹೇಗೆ ಕೇಳುತ್ತಿತ್ತೋ ಹಾಗೆಯೇ ನಿಮಗೆ ಸಿಗುತ್ತದೆ. ಹಳೆಯ ಹಾಳೆಗಳು ಇಂಟರ್‌ನೆಟ್ಟಿನಲ್ಲಿ ಐಎಂಎಸ್‌ಎಲ್‌ಪಿ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ.

ಈಗ ತಲೆಬರಹದ ಪ್ರಶ್ನೆ. ಒಂದೇ ಊರು, ಒಂದೇ ವರ್ಷ ತೆಗೆದುಕೊಂಡರೆ ಈ ಆಯ್ಕೆ ಹೇಗೆ ಕೆಲಸ ಮಾಡುತ್ತದೆ ಅಂತ ಚೆನ್ನಾಗಿ ಕಾಣುತ್ತದೆ. 1848ರ ಮಾರ್ಚ್ 13ಕ್ಕೆ ವಿಯೆನ್ನಾದಲ್ಲಿ ಜನ ಬೀದಿಗಿಳಿದರು. ಆಸ್ಟ್ರಿಯಾದ ಚಾನ್ಸಲರ್ ಮೆಟರ್ನಿಖ್ ಅಧಿಕಾರ ಬಿಟ್ಟು ಓಡಿಹೋದ. ಆ ಊರಿನ ಕುಣಿತದ ಸಂಗೀತವನ್ನು ಆಗ ಆಳುತ್ತಿದ್ದವರು ಇಬ್ಬರು, ಅಪ್ಪ ಮತ್ತು ಮಗ. ಇಬ್ಬರ ಹೆಸರೂ ಯೋಹಾನ್ ಸ್ಟ್ರೌಸ್. ಇಟಲಿಯಲ್ಲಿ ಕುಸ್ಟೋಜಾ ಯುದ್ಧ ಗೆದ್ದ ಮುದಿ ಸೇನಾಪತಿ ರಾಡೆಟ್ಸ್ಕಿಯ ಗೌರವಕ್ಕೆ ಅಪ್ಪ ಒಂದು ಮಾರ್ಚ್, ಅಂದರೆ ಸೈನ್ಯದ ನಡಿಗೆಯ ಸಂಗೀತ, ಬರೆದ. ಅದೇ ವರ್ಷ ಆಗಸ್ಟ್ 31ಕ್ಕೆ ಅದನ್ನು ನುಡಿಸಿದರು. ಮಗ ಇನ್ನೊಂದು ಕಡೆ ನಿಂತ. ಅವನು ‘ಕ್ರಾಂತಿಯ ಮಾರ್ಚ್’ ಬರೆದ. ‘ಮಾರ್ಸೆಯೇಸ್’ ನುಡಿಸಿ ಪೊಲೀಸರ ವಿಚಾರಣೆಯನ್ನೂ ಎದುರಿಸಿದ.

ನಿಮ್ಮ ಆಟಕ್ಕೆ ಇದಕ್ಕಿಂತ ಒಳ್ಳೆಯದು ಬೇಕಾ? ಆಡುವವರು ಕ್ರಾಂತಿಯನ್ನು ಸೈನ್ಯದಿಂದ ಒತ್ತಿದರೆ ಅಪ್ಪನ ಮಾರ್ಚ್ ಬರಲಿ. ಜನರಿಗೆ ಸಂವಿಧಾನ ಕೊಟ್ಟರೆ ಮಗನದ್ದು ಬರಲಿ. ಆಡುವವರು ಏನು ತೀರ್ಮಾನ ಮಾಡಿದರು ಅನ್ನುವುದು ಸಂಗೀತದಲ್ಲೇ ಗೊತ್ತಾಗುತ್ತದೆ. ಒಂದೇ ಮಾತು: ರಾಡೆಟ್ಸ್ಕಿ ಮಾರ್ಚ್‌ಗೆ ಈಗಿನ ಹೊಸ ವರ್ಷದ ಕಚೇರಿಗಳಲ್ಲಿ ಸಭಿಕರು ಚಪ್ಪಾಳೆ ಹೊಡೆಯುತ್ತಾರೆ. ಆ ರೆಕಾರ್ಡಿಂಗ್ ಬೇಡ.

ಅದೇ ಮಗ ಮುಂದೆ 1867ರ ಫೆಬ್ರುವರಿ 15ಕ್ಕೆ ‘ನೀಲಿ ಡ್ಯಾನ್ಯೂಬ್’ ಕೊಟ್ಟ. ಅದರ ಹಿಂದಿನ ಬೇಸಿಗೆಯಲ್ಲಿ, 1866ರ ಜುಲೈ 3ಕ್ಕೆ, ಆಸ್ಟ್ರಿಯಾ ಕೊನಿಗ್ರೆಟ್ಸ್‌ನಲ್ಲಿ ಪ್ರಶ್ಯಾ ಕೈಯಲ್ಲಿ ಸೋತಿತ್ತು. ಗಂಡಸರ ಗಾಯನ ಸಂಘವೊಂದು ಅದನ್ನು ಮೊದಲು ಹಾಡಿತು, ಸೋತು ಮಂಕಾಗಿದ್ದ ಊರನ್ನು ನಗಿಸುವ ಮಾತುಗಳೊಂದಿಗೆ. ಎಲ್ಲರೂ ಆ ವಾಲ್ಟ್ಸ್ ಅನ್ನು ವೈಭವದ ಸಂಗೀತ ಅಂತ ಬಳಸುತ್ತಾರೆ. ನೀವು ಅದನ್ನು ಆಸ್ಟ್ರಿಯಾ ಸೋತ ಮೇಲೆ, ಮೊದಲ ಚಳಿಗಾಲದಲ್ಲಿ ಬಳಸಿ. ಅದೇ ರಾಗ ಎಷ್ಟು ಬೇರೆಯಾಗಿ ಕೇಳುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಗೆದ್ದ ಪ್ರಶ್ಯಾಕ್ಕೆ ಪೀಫ್ಕೆ ಬರೆದ ‘ಕೊನಿಗ್ರೆಟ್ಸ್ ಮಾರ್ಚ್’ ಇದೆ, ಅದೂ 1866ರದ್ದೇ.

ಸಂಗೀತವೇ ಘಟನೆಯಾದ ಸಂದರ್ಭಗಳೂ ಇವೆ. 1830ರ ಆಗಸ್ಟ್ 25ಕ್ಕೆ ಬ್ರಸೆಲ್ಸ್‌ನಲ್ಲಿ ಓಬೇರ್‌ನ ‘ಪೋರ್ತಿಚಿಯ ಮೂಗಿ’ ಒಪೆರಾ ನಡೆಯಿತು. ನೇಪಲ್ಸ್‌ನ ಬಡ ಮೀನುಗಾರರು ಸ್ಪೇನಿನ ಆಳ್ವಿಕೆಯ ವಿರುದ್ಧ ಏಳುವ ಕಥೆ. ನೋಡಿದ ಜನ ಹೊರಗೆ ಬಂದು ದಂಗೆ ಎದ್ದರು. ಬೆಲ್ಜಿಯಂ ಬೇರೆ ದೇಶವಾಗುವ ದಾರಿ ಅಲ್ಲಿಂದ ತೆರೆಯಿತು. ಇಟಲಿಗೆ ಎಲ್ಲರೂ ವೆರ್ದಿಯ ‘ನಬುಕ್ಕೊ’ದ ಗುಲಾಮರ ಹಾಡನ್ನು ಹಾಕುತ್ತಾರೆ. 1842ರಲ್ಲಿ ಮೊದಲ ರಾತ್ರಿಯೇ ಅದು ಇಡೀ ಇಟಲಿಯ ಹಾಡಾಯಿತು ಅನ್ನುವ ಕಥೆ ಆಮೇಲೆ ಬೆಳೆದದ್ದು. ನನ್ನ ಆಯ್ಕೆ ‘ಲೆನ್ಯಾನೊ ಕದನ’. ಇಟಲಿಯ ಊರುಗಳು ಒಟ್ಟಾಗಿ ಜರ್ಮನ್ ಚಕ್ರವರ್ತಿಯನ್ನು ಸೋಲಿಸಿದ ಕಥೆ. ರೋಮ್‌ನಲ್ಲಿ 1849ರ ಜನವರಿ 27ಕ್ಕೆ ಅದರ ಮೊದಲ ಪ್ರದರ್ಶನ. ಎರಡು ವಾರ ಕಳೆದು, ಫೆಬ್ರುವರಿ 9ಕ್ಕೆ, ಅದೇ ಊರಿನಲ್ಲಿ ಗಣರಾಜ್ಯ ಘೋಷಣೆಯಾಯಿತು. ಜನ ಆ ಸಂಗೀತವನ್ನು ಯಾವ ಮನಸ್ಸಿನಲ್ಲಿ ಕೇಳಿದರು ಅನ್ನುವುದರಲ್ಲಿ ಇಲ್ಲಿ ಅನುಮಾನವೇ ಇಲ್ಲ.

ಶೋಪಾನ್‌ನನ್ನು ಪೋಲೆಂಡಿನ ನಕ್ಷೆಯ ಮೇಲೆ ಇಡಬೇಡಿ. ನಿಮ್ಮ ಆಟದ ನಕ್ಷೆಯಲ್ಲಿ ಸ್ವತಂತ್ರ ಪೋಲೆಂಡ್ ಇರುವುದೂ ಇಲ್ಲ, ಅಲ್ವಾ? ಅವನು 1830ರ ನವೆಂಬರ್‌ನಲ್ಲಿ ವಾರ್ಸಾ ಬಿಟ್ಟ, ಅದೇ ತಿಂಗಳು ಅಲ್ಲಿ ದಂಗೆ ಶುರುವಾಯಿತು, ಮತ್ತೆ ಅವನು ಮರಳಲಿಲ್ಲ. ಅವನ ಪೋಲೆಂಡಿನ ಕುಣಿತದ ರೂಪಗಳಾದ ಮಜುರ್ಕಾ, ಪೊಲೊನೇಸ್‌ಗಳು ಕೇಳಬೇಕಾದ ಜಾಗ 1830 ಮತ್ತು 1840ರ ದಶಕಗಳ ಪ್ಯಾರಿಸ್, ಚಿಕ್ಕ ಕೋಣೆಗಳಲ್ಲಿ, ಊರು ಕಳೆದುಕೊಂಡವರ ನಡುವೆ. ರಷ್ಯಾದ ಮೊದಲ ಭಾಗಕ್ಕೆ ಜಾನ್ ಫೀಲ್ಡ್‌ನ ರಾತ್ರಿಗೀತೆಗಳನ್ನು ಹಾಕಿ. ಅವನು ಐರ್ಲೆಂಡಿನವನು, ಬದುಕಿನ ಬಹುಭಾಗ ಪೀಟರ್ಸ್‌ಬರ್ಗ್ ಮತ್ತು ಮಾಸ್ಕೋದಲ್ಲಿ ಕಳೆದವನು. ಶೋಪಾನ್‌ಗೆ ಆ ದಾರಿ ತೋರಿಸಿದ್ದೇ ಅವನು. 1836ರಲ್ಲಿ ಗ್ಲಿಂಕಾನ ‘ತ್ಸಾರ್‌ಗಾಗಿ ಒಂದು ಜೀವ’ ಬರುತ್ತದೆ, ಅಲ್ಲಿಂದ ಬಣ್ಣ ಬದಲಾಗಲಿ. ರಷ್ಯಾ ಮಧ್ಯ ಏಷ್ಯಾಕ್ಕೆ ಕಾಲಿಟ್ಟ ಮೇಲೆ ಬೊರೊಡಿನ್‌ನ ‘ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ’ ಇದೆ, 1880ರದ್ದು. ಒಂಟೆಗಳ ಸಾಲು, ಅದರ ಜೊತೆ ಕಾವಲಿಗೆ ರಷ್ಯಾದ ಸೈನಿಕರು, ಎರಡು ರಾಗ ಕೊನೆಗೆ ಒಂದಾಗುತ್ತವೆ. ಒಂದು ಸಾಮ್ರಾಜ್ಯ ತನ್ನನ್ನು ತಾನು ಹೇಗೆ ಕಾಣಲು ಬಯಸಿತು ಅಂತ ಏಳೆಂಟು ನಿಮಿಷದಲ್ಲಿ ಹೇಳುತ್ತದೆ. ಅದನ್ನು ಕೇಳುವಾಗ ಆ ಒಂಟೆ ಓಡಿಸುವವನ ಕಡೆಯ ಕಥೆಯೂ ನಿಮ್ಮ ಆಟದಲ್ಲಿ ಎಲ್ಲಾದರೂ ಇರಲಿ ಅಂತ ನನ್ನ ಕೋರಿಕೆ.

ವಾದ್ಯಗಳ ಬಗ್ಗೆಯೂ ಹೇಳಲೇಬೇಕು. ನಿಮ್ಮ ಆಟದಲ್ಲಿ ರೈಲು, ಉಕ್ಕು ಅಂತ ತಂತ್ರಜ್ಞಾನದ ಮರ ಇದ್ದೇ ಇರುತ್ತದೆ. ಹಿತ್ತಾಳೆಯ ವಾದ್ಯಗಳು ಆ ಮರದ ಕೊಂಬೆಗಳೇ. 1815ರ ತುತ್ತೂರಿಗೆ ವಾಲ್ವ್ ಇರಲಿಲ್ಲ, ಕೆಲವೇ ಸ್ವರ ಬರುತ್ತಿದ್ದವು. ಜರ್ಮನ್ ನಾಡುಗಳಲ್ಲಿ ವಾಲ್ವ್ ಬಂದದ್ದು ಅದೇ ದಶಕದಲ್ಲಿ, ಹರಡಲು ಇನ್ನೂ ಸಮಯ ಹಿಡಿಯಿತು. ಕೆಳಗಿನ ಸ್ವರಕ್ಕೆ ಹಾವಿನ ಹಾಗೆ ಬಳುಕಿದ ‘ಸರ್ಪೆಂಟ್’ ಎಂಬ ಮರದ ವಾದ್ಯ, ಆಮೇಲೆ ಓಫಿಕ್ಲೈಡ್ ಎಂಬ ಹಿತ್ತಾಳೆ ವಾದ್ಯ. ಟ್ಯೂಬಾ ಬರ್ಲಿನ್‌ನಲ್ಲಿ 1835ರಲ್ಲಿ ಬಂತು. ಅದನ್ನು ತಂದವರಲ್ಲಿ ಒಬ್ಬನಾದ ವೀಪ್ರೆಖ್ಟ್ ಪ್ರಶ್ಯಾದ ಬ್ಯಾಂಡುಗಳನ್ನೇ ಹೊಸದಾಗಿ ಕಟ್ಟಿದ. ಪ್ಯಾರಿಸ್‌ನಲ್ಲಿ 1845ರ ಏಪ್ರಿಲ್ 22ಕ್ಕೆ ಶಾಂ ದ ಮಾರ್ಸ್ ಮೈದಾನದಲ್ಲಿ ಅಡಾಲ್ಫ್ ಸ್ಯಾಕ್ಸ್‌ನ ಹೊಸ ವಾದ್ಯಗಳ ಬ್ಯಾಂಡು ಹಳೆಯ ಮಾದರಿಯ ಬ್ಯಾಂಡಿನ ಜೊತೆ ಸ್ಪರ್ಧೆಗೆ ನಿಂತು ಗೆದ್ದಿತು. ಸ್ಯಾಕ್ಸಫೋನ್‌ಗೆ ಪೇಟೆಂಟ್ ಸಿಕ್ಕಿದ್ದು 1846ರಲ್ಲಿ.

ಹಾಗಾಗಿ ನಿಮ್ಮ 1820ರ ಸೈನ್ಯಕ್ಕೆ ಕೊಳಲು, ಓಬೋ, ಕ್ಲ್ಯಾರಿನೆಟ್, ಸರ್ಪೆಂಟ್, ಡ್ರಮ್ಮು. 1870ರ ಸೈನ್ಯಕ್ಕೆ ದಪ್ಪ ಹಿತ್ತಾಳೆ. ಎರಡಕ್ಕೂ ಒಂದೇ ಮಾರ್ಚ್ ಬಳಸಿದರೂ ಪರವಾಗಿಲ್ಲ, ದನಿ ಬೇರೆಯಾದರೆ ಸಾಕು. ಕಾರ್ಖಾನೆ ಬೆಳೆದದ್ದು ಕಿವಿಗೇ ಗೊತ್ತಾಗುತ್ತದೆ. ಪಿಯಾನೋಗೂ ಹೀಗೆಯೇ. ಮೊದಲ ಎರಡು ದಶಕಗಳಿಗೆ ಮರದ ಚೌಕಟ್ಟಿನ ಫೋರ್ಟೆಪಿಯಾನೋ ದನಿ, ಅದರ ಸ್ವರ ಬೇಗ ಕರಗುತ್ತದೆ. 1860ರ ನಂತರ ಕಬ್ಬಿಣದ ಚೌಕಟ್ಟಿನ, ಗುಂಗು ಉಳಿಯುವ ದನಿ.

ಈಗ ತುರ್ಕಿ. ಮೆಹ್ತರ್ ಅಂದರೆ ಜಾನಿಸರಿಗಳು ಎಂಬ ಸುಲ್ತಾನನ ಕಾಲಾಳು ಸೈನ್ಯದ ಬ್ಯಾಂಡು. ದೊಡ್ಡ ನಗಾರಿ, ಶಹನಾಯಿಯಂಥ ಝುರ್ನಾ, ತಾಳ. ಸುಲ್ತಾನ್ ಎರಡನೇ ಮಹಮೂದ್ 1826ರಲ್ಲಿ ಜಾನಿಸರಿಗಳನ್ನು ಅಳಿಸಿಹಾಕಿದ. ಮೆಹ್ತರ್ ಕೂಡ ಅವರೊಂದಿಗೇ ಹೋಯಿತು. ಅದನ್ನು ಮತ್ತೆ ಕಟ್ಟಿದ್ದು 20ನೇ ಶತಮಾನದ ಎರಡನೇ ದಶಕದಲ್ಲಿ. ಅಂದರೆ ನಿಮ್ಮ ನೂರು ವರ್ಷದ ಆಟದಲ್ಲಿ ಮೆಹ್ತರ್‌ಗೆ ನಿಜವಾದ ಜಾಗ ಇರುವುದು ಮೊದಲ 11 ವರ್ಷ, ಆಮೇಲೆ ತುದಿಯಲ್ಲಿ ಸ್ವಲ್ಪ. ನಡುವೆ ಏನಿತ್ತು? 1828ರಲ್ಲಿ ಸುಲ್ತಾನ್ ಇಟಲಿಯಿಂದ ಜುಸೆಪ್ಪೆ ಡೊನಿಜೆಟ್ಟಿಯನ್ನು ಕರೆಸಿದ. ಒಪೆರಾ ಬರೆದ ಪ್ರಸಿದ್ಧ ಡೊನಿಜೆಟ್ಟಿಯ ಅಣ್ಣ. ಅವನು ಅರಮನೆಗೆ ಯುರೋಪ್ ಮಾದರಿಯ ಬ್ಯಾಂಡ್ ಕಟ್ಟಿದ, 1856ರಲ್ಲಿ ಇಸ್ತಾಂಬುಲ್‌ನಲ್ಲೇ ತೀರಿಕೊಂಡ. ಅವನ ಮಾರ್ಚ್‌ಗಳೇ ಸಾಮ್ರಾಜ್ಯದ ಗೀತೆಗಳಾದವು. 1847ರಲ್ಲಿ ಲಿಸ್ಟ್ ಇಸ್ತಾಂಬುಲ್‌ಗೆ ಬಂದು ಸುಲ್ತಾನನ ಮುಂದೆ ಪಿಯಾನೋ ನುಡಿಸಿದ. ಡೊನಿಜೆಟ್ಟಿಯ ಮಾರ್ಚ್ ಮೇಲೆ ಒಂದು ಕೃತಿಯನ್ನೂ ಬರೆದ.

ಅದೇ ಅರಮನೆಯ ಇನ್ನೊಂದು ಕೋಣೆಯಲ್ಲಿ ಮಕಾಮ್ ಸಂಗೀತವೂ, ಅಂದರೆ ತುರ್ಕಿಯ ಶಾಸ್ತ್ರೀಯ ಸಂಗೀತವೂ, ನಡೆಯುತ್ತಿತ್ತು. ಅದರ ದೊಡ್ಡ ಸಂಗೀತಕಾರ ಡೆಡೆ ಎಫೆಂದಿ 1846ರವರೆಗೆ ಬದುಕಿದ್ದ. ಅವನ ನಂತರ ಹಾಜಿ ಆರಿಫ್ ಬೇ ನೂರಾರು ಹಾಡು ಕಟ್ಟಿದ. ನೆಯ್, ತಂಬೂರ್, ಕೆಮೆಂಚೆ ವಾದ್ಯಗಳಲ್ಲಿ ಇವು ಕೇಳಲು ಎಷ್ಟು ಚೆನ್ನ! ನಿಮ್ಮ ಆಟದಲ್ಲಿ ಸುಧಾರಣೆಯ ಕಡೆ ವಾಲಿದರೆ ಬ್ಯಾಂಡು, ಹಳೆಯದನ್ನು ಉಳಿಸಿಕೊಂಡರೆ ಡೆಡೆ ಎಫೆಂದಿ ಅಂತ ಸರಳವಾಗಿ ಹಂಚಬೇಡಿ. ಎರಡೂ ಒಟ್ಟಿಗೆ ಇದ್ದವು. ಎರಡನ್ನೂ ಕೇಳಿಸಿ.

ಬ್ರಿಟನ್ ಆಡುವವರು ಭಾರತಕ್ಕೆ ಬರುತ್ತಾರೆ. ಇಲ್ಲಿ ಸಾಮಾನ್ಯವಾಗಿ ಆಟಗಳು ಒಂದು ಸಿತಾರ್ ಹಾಕಿ ಕೈ ತೊಳೆದುಕೊಳ್ಳುತ್ತವೆ. ನೀವಂತೂ ಹಾಗೆ ಮಾಡಬೇಡಿ, ನೀವು ಇಲ್ಲಿಯವರು. ಮದರಾಸಿನ ಕಡೆ ಕಂಪನಿಯ ಬ್ಯಾಂಡು ನುಡಿಸುತ್ತಿದ್ದ ರಾಗಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತದ ಮಾತು ಕೂಡಿಸಿ ನೊಟ್ಟುಸ್ವರಗಳನ್ನು ಮಾಡಿದರು. ಬ್ರಿಟನ್ನಿನ ರಾಷ್ಟ್ರಗೀತೆಯ ರಾಗವೇ ಅವರಲ್ಲಿ ‘ಸಂತತಂ ಪಾಹಿಮಾಂ’ ಆಯಿತು. ಅವರು ತೀರಿಕೊಂಡದ್ದು 1835ರಲ್ಲಿ, ನಿಮ್ಮ ಕಾಲದೊಳಗೇ. ಲಖನೌದಲ್ಲಿ ಠುಮರಿ, 1856ರಲ್ಲಿ ಪಟ್ಟ ಕಳೆದುಕೊಂಡ ವಾಜಿದ್ ಅಲಿ ಶಾ ಜೊತೆ ಅದು ಕಲ್ಕತ್ತಾದ ಮಟಿಯಾಬುರ್ಜ್‌ಗೆ ಹೋಯಿತು. ಇನ್ನು ನಮ್ಮ ಕಡೆ ಲಾವಣಿ ಇದೆ. 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಮೇಲೆ, 1857ರಲ್ಲಿ ಆಯುಧ ಕಿತ್ತುಕೊಳ್ಳುವ ಕಾನೂನಿಗೆ ಎದುರು ನಿಂತ ಹಲಗಲಿಯ ಬೇಡರ ಮೇಲೆ ಜನ ಹಾಡು ಕಟ್ಟಿದರು. ಹಲಗಲಿಯದನ್ನು ಶಾಲೆಯ ಪಾಠದಲ್ಲಿ ಓದಿದವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಬಂದ ಸೈನ್ಯವನ್ನು ಊರಿನ ಕಡೆಯಿಂದ ನೋಡಿದ ಹಾಡು ಅದು. ಡಪ್ಪು, ತುಂತುಣಿ, ಒಂದು ಗಟ್ಟಿ ಗಂಟಲು. ಬ್ರಿಟನ್ ಆಡುವವರಿಗೆ ಆ ದಂಗೆಯ ಸಮಯದಲ್ಲಿ ಇದು ಕೇಳಿಸಲಿ.

ಆಡುವ ಅನುಭವದ ಬಗ್ಗೆ ಒಂದೆರಡು ಮಾತು. ಸ್ಟ್ರಾಟಜಿ ಆಟದ ಮುಂದೆ ಜನ ಹತ್ತಾರು ಗಂಟೆ ಕೂರುತ್ತಾರೆ. ವಾಗ್ನರ್‌ನ ದೊಡ್ಡ ಹಿತ್ತಾಳೆ ಮೊದಲ ಸಲ ಮೈ ಜುಮ್ಮೆನಿಸುತ್ತದೆ, ಹತ್ತನೇ ಸಲ ಸದ್ದು ಬಂದ್ ಮಾಡಿಸುತ್ತದೆ. ನಕ್ಷೆ ನೋಡುತ್ತಾ ಯೋಚಿಸುವ ಹೊತ್ತಿಗೆ ತಂತಿ ವಾದ್ಯಗಳ ಕ್ವಾರ್ಟೆಟ್ (ನಾಲ್ವರು ಸೇರಿ ನುಡಿಸುವುದು), ಮೆಂಡೆಲ್ಸನ್‌ನ ‘ಮಾತಿಲ್ಲದ ಹಾಡುಗಳು’, ಫೀಲ್ಡ್, ಶೂಮನ್ ಇಂಥವೇ ಒಳ್ಳೆಯವು. ಸಿಂಫನಿಯಲ್ಲಿ ಮೆಲ್ಲನೆಯ ಭಾಗ ಕೇಳಿಸುವುದೇ ಇಲ್ಲ, ಜೋರಿನ ಭಾಗ ಬೆಚ್ಚಿಬೀಳಿಸುತ್ತದೆ. ಒಂದು ಕೃತಿ ಮುಗಿದ ಮೇಲೆ ಎರಡು ಮೂರು ನಿಮಿಷ ಸಂಗೀತವೇ ಬೇಡ. ಗಂಟೆ, ಕುದುರೆ ಗಾಡಿ, ಮಳೆ ಸಾಕು. ದೊಡ್ಡ ಮಾರ್ಚ್‌ಗಳನ್ನು ವರ್ಷದಲ್ಲಿ ಒಮ್ಮೆ ನಡೆಯುವ ಘಟನೆಗಳಿಗೆ ಉಳಿಸಿಡಿ.

ಹಕ್ಕಿನ ವಿಷಯದಲ್ಲಿ ಹುಷಾರು. 1848ರಲ್ಲಿ ಬರೆದ ಮಾರ್ಚ್ ಸಂಗೀತ ಯಾರ ಸ್ವತ್ತೂ ಅಲ್ಲ, ಆದರೆ ಅದರ ರೆಕಾರ್ಡಿಂಗ್ ಬೇರೆಯವರದ್ದು. ಭಾರತದಲ್ಲಿ ರೆಕಾರ್ಡಿಂಗ್‌ಗೆ ಬಿಡುಗಡೆಯಾದ ಮೇಲೆ 60 ವರ್ಷ ರಕ್ಷಣೆ ಇದೆ, ಬೇರೆ ದೇಶಗಳಲ್ಲಿ ಲೆಕ್ಕ ಬೇರೆ. ಆಟವನ್ನು ಹೊರದೇಶಕ್ಕೆ ಮಾರುವುದಾದರೆ ಆ ದೇಶದ ನಿಯಮವೂ ಲೆಕ್ಕಕ್ಕೆ ಬರುತ್ತದೆ. ‘ಉಚಿತ’ ಅಂತ ಸಿಗುವ ಎಷ್ಟೋ ರೆಕಾರ್ಡಿಂಗ್‌ಗಳ ಪರವಾನಗಿಯಲ್ಲಿ ವ್ಯಾಪಾರಕ್ಕೆ ಬಳಸಬಾರದು ಅಂತ ಇರುತ್ತದೆ, ಪೂರ್ತಿ ಓದಿ. ನಿಮಗಾಗಿ ನುಡಿಸಿದವರ ಜೊತೆ ಒಂದು ಪುಟದ ಒಪ್ಪಂದ ಬರೆಸಿಕೊಳ್ಳಿ, ಸ್ನೇಹಿತರಾದರೂ ಸರಿ, ಅವರಿಗೆ ದುಡ್ಡನ್ನೂ ಕೊಡಿ.

ಎಲ್ಲ ದೇಶಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಮೊದಲು ಆಸ್ಟ್ರಿಯಾ, 1846ರಿಂದ 1850. ಆರು ಟ್ರ್ಯಾಕ್ ಸಾಕು: ನಾಲ್ಕು ಕೈಯ ಪಿಯಾನೋದಲ್ಲಿ ಎರಡು, ಒಂದು ಕ್ವಾರ್ಟೆಟ್, ಒಂದು ವಾಲ್ಟ್ಸ್, ಅಪ್ಪನ ಮಾರ್ಚ್, ಮಗನ ಮಾರ್ಚ್. ಇತಿಹಾಸ ಗೊತ್ತಿಲ್ಲದ ನಾಲ್ವರನ್ನು ಕೂರಿಸಿ ಮೂರು ಗಂಟೆ ಆಡಿಸಿ. ಯಾರು ಯಾವಾಗ ಸದ್ದು ಕಡಿಮೆ ಮಾಡಿದರು ಅಂತ ಬರೆದುಕೊಳ್ಳಿ. ಆ ಜಾಗಗಳನ್ನು ಸರಿಮಾಡಿದ ಮೇಲೆ ಪ್ರಶ್ಯಾಕ್ಕೆ ಹೋಗಿ.